ಬೆಚ್ಚಗಿನ ಕೋಣೆಯಲ್ಲಿ ತಣ್ಣಗಿನ ಲಾಗರ್: ಒಂದು ಶಾಖದ ಲೆಕ್ಕ

ಅಮೆರಿಕದ ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಕಳೆದ ಮೇ ತಿಂಗಳಿನಲ್ಲಿ ಎರಡು ಥರ್ಮಾಮೀಟರುಗಳ ಚಿತ್ರ ಕಳುಹಿಸಿದ್ದ. ಗೋಡೆಯ ಮೇಲಿನದು 24 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಅದೇ ಕೋಣೆಯ ಮೂಲೆಯಲ್ಲಿ, ಬೆಳಕು ಬೀಳದಿರಲೆಂದು ಹಳೆಯ ಕಂಬಳಿ ಹೊದಿಸಿಟ್ಟಿದ್ದ ಬಿಯರ್ ಬಕೆಟ್ಟಿನ ಒಳಗಿನದು 28 ತೋರಿಸುತ್ತಿತ್ತು. "ಮಾವ, ಎ.ಸಿ. ಹಾಕಿಯೇ ಇದೆ, ಆದರೂ ಬಕೆಟ್ಟು ಕೋಣೆಗಿಂತ ಬೆಚ್ಚಗಿದೆ. ಕೆಟ್ಟಿರುವುದು ಥರ್ಮಾಮೀಟರೋ ಬಿಯರೋ?" ಎಂದು ಕೇಳಿದ್ದ. ಥರ್ಮಾಮೀಟರುಗಳು ಎರಡೂ ಸರಿಯಾಗಿದ್ದವು. ಲಾಗರ್ ಎಂಬ ಬಗೆಯ ಬಿಯರಿಗೆ ಬೇಕಾದ 10ರಿಂದ 12 ಡಿಗ್ರಿಯನ್ನು ಅವನು ಕೋಣೆಯ ಗಾಳಿಯಲ್ಲಿ ಹುಡುಕುತ್ತಿದ್ದ. ಅಳೆಯಬೇಕಾದದ್ದೂ ತಣಿಸಬೇಕಾದದ್ದೂ ಗಾಳಿಯನ್ನಲ್ಲ, ಪಾತ್ರೆಯೊಳಗಿನ ದ್ರವವನ್ನು.

ಈ ಲೇಖನ ಅವನಿಗೆ ಕೊಟ್ಟ ಉತ್ತರದ ವಿಸ್ತೃತ ರೂಪ. ಲೆಕ್ಕಕ್ಕೆ ಹ್ಯೂಸ್ಟನ್ನಿನ ಬದಲು ಮಂಗಳೂರಿನ ಕೋಣೆಯನ್ನು ತೆಗೆದುಕೊಂಡಿದ್ದೇನೆ. ಓದುವವರಿಗೆ ಪರಿಚಿತವಾದ ಸೆಕೆ ಅದು. ಎರಡೂ ಊರುಗಳ ಬೇಸಗೆಯ ತೇವಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಅಮೆರಿಕದಲ್ಲಿ 1978ರಲ್ಲಿ ಬಂದ ಕಾನೂನು ವಯಸ್ಕರು ಸ್ವಂತ ಬಳಕೆಗಾಗಿ ಮನೆಯಲ್ಲಿ ಮಿತ ಪ್ರಮಾಣದ ಬಿಯರ್ ತಯಾರಿಸುವುದಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಇಲ್ಲಿ ಕೋಣೆ ಮಾತ್ರ ನಮ್ಮದು, ಬಕೆಟ್ಟು ಅವನದು.

ಲಾಗರ್ ಎಂದರೆ ಯಾವುದು

ಬಿಯರ್ ತಯಾರಿಯ ಮೊದಲ ಹಂತ ನಮ್ಮವರಿಗೆ ಹೊಸದೇನಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಮಗುವಿಗೆ ಮಣ್ಣಿ ಕಾಯಿಸುವ ಮನೆಗಳಲ್ಲಿ ನಡೆಯುವುದೂ ಅದೇ ಕ್ರಿಯೆ. ಮೊಳಕೆಯೊಡೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಬಾರ್ಲಿಯನ್ನು ಹೀಗೆ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಹುದುಗುವಿಕೆ ಆರಂಭವಾಗುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಅದರ ಜೊತೆಗೆ ಶಾಖವನ್ನೂ ಬಿಡುತ್ತದೆ ಎಂಬುದನ್ನು ಮುಂದಿನ ಲೆಕ್ಕಕ್ಕಾಗಿ ನೆನಪಿನಲ್ಲಿಡಬೇಕು.

ಬಿಯರಿನ ಎರಡು ದೊಡ್ಡ ಕುಲಗಳಾದ ಏಲ್ ಮತ್ತು ಲಾಗರ್‌ಗಳ ನಡುವಿನ ಭೇದ ಬಣ್ಣದಲ್ಲಿಯೋ ಆಲ್ಕೊಹಾಲಿನ ಪ್ರಮಾಣದಲ್ಲಿಯೋ ಇಲ್ಲ, ಯೀಸ್ಟಿನಲ್ಲಿ ಇದೆ. ಏಲ್ ಯೀಸ್ಟ್ ಎಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಬ್ರೆಡ್ಡಿಗೆ ಹಾಕುವ ಯೀಸ್ಟಿನ ಜಾತಿಯೇ. ಅದು ಸಾಮಾನ್ಯವಾಗಿ 18ರಿಂದ 22 ಡಿಗ್ರಿಯಲ್ಲಿ ಹಿತವಾಗಿ ಕೆಲಸ ಮಾಡುತ್ತದೆ. ಲಾಗರ್ ಯೀಸ್ಟ್ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್ ಎಂಬ ಮಿಶ್ರತಳಿ. ಅದರ ಒಂದು ಕಡೆಯ ಪೂರ್ವಜ ಏಲ್ ಯೀಸ್ಟ್. ಇನ್ನೊಂದು ಕಡೆಯ ಪೂರ್ವಜ ಚಳಿಯನ್ನು ತಾಳಿಕೊಳ್ಳುವ ಕಾಡುಯೀಸ್ಟಾದ ಯೂಬಯಾನಸ್. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡುಗಳಲ್ಲಿ ಅದು ಪತ್ತೆಯಾದ ಸುದ್ದಿ 2011ರಲ್ಲಿ ಪ್ರಕಟವಾಯಿತು. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯಲ್ಲಿಯೂ ನಿಧಾನವಾಗಿ ದುಡಿಯಬಲ್ಲ ಗುಣವನ್ನು ಪಡೆದಿರುವುದು ಈ ಚಳಿನಾಡಿನ ಪೂರ್ವಜನಿಂದ.

ಲಾಗರ್ ಎಂಬುದು ಜರ್ಮನ್ ಭಾಷೆಯ, ದಾಸ್ತಾನು ಇಡುವುದು ಎಂಬರ್ಥದ ಪದದಿಂದ ಬಂದಿದೆ. ಬವೇರಿಯಾ ಪ್ರಾಂತದಲ್ಲಿ ಚಳಿಗಾಲದಲ್ಲಿ ಬಿಯರ್ ಮಾಡಿ, ನೆಲಮಾಳಿಗೆಗಳಲ್ಲಿ ಕೆರೆಯ ಮಂಜುಗಡ್ಡೆಯ ಜೊತೆ ಇಟ್ಟು, ಬೇಸಗೆಯುದ್ದಕ್ಕೂ ಬಳಸುತ್ತಿದ್ದರು. ಬೇಸಗೆಯಲ್ಲಿ ಮಾಡಿದ ಬಿಯರ್ ಕೆಡುತ್ತದೆಂಬ ಅನುಭವದಿಂದ ಅಲ್ಲಿನ ಆಡಳಿತ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಯನ್ನೇ ನಿಷೇಧಿಸಿತು. ಕೋಣೆ ಬೆಚ್ಚಗಿದೆ ಎಂಬ ತೊಂದರೆಗೆ ಕಾನೂನಿನ ಮೂಲಕ ಕಂಡುಕೊಂಡ ಪರಿಹಾರ ಅದು. ಯಂತ್ರದ ಪರಿಹಾರ ಬಂದದ್ದು 1870ರ ದಶಕದಲ್ಲಿ, ಕಾರ್ಲ್ ಫಾನ್ ಲಿಂಡೆ ತನ್ನ ಶೀತಲ ಯಂತ್ರವನ್ನು ಮ್ಯೂನಿಕ್ಕಿನ ಬಿಯರ್ ಕಾರ್ಖಾನೆಯೊಂದರಲ್ಲಿ ಪ್ರಯೋಗಿಸಿದಾಗ. ನಮ್ಮ ಅಡುಗೆಮನೆಯ ಫ್ರಿಜ್ಜಿನ ಪೂರ್ವಜರಲ್ಲಿ ಒಂದು ಲಾಗರನ್ನು ತಣ್ಣಗಿಡಲೆಂದು ಹುಟ್ಟಿದ್ದು ಎಂದರೆ ತಪ್ಪಾಗದು.

ಬೆಚ್ಚಗಾದರೆ ಕೆಡುವುದೇನು

ಮೇ ತಿಂಗಳಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯ ಅಂಚು ದಾಟಿ ಹುಳಿಯಾಗಿರುತ್ತದೆ. ಬೆಳಿಗ್ಗೆ ಇಳಿಸಿದ ಕಳ್ಳಿನ ಸಿಹಿ ಸಂಜೆಯವರೆಗೆ ಉಳಿಯುವುದಿಲ್ಲ. ಸೂಕ್ಷ್ಮಜೀವಿಗಳ ಕೆಲಸದ ವೇಗ ಉಷ್ಣತೆಯೊಡನೆ ಏರುತ್ತದೆ. ಸ್ಥೂಲವಾಗಿ ಹೇಳುವುದಾದರೆ 10 ಡಿಗ್ರಿ ಹೆಚ್ಚಿದರೆ ವೇಗ ಇಮ್ಮಡಿ. ದೋಸೆಗೆ ಹುಳಿ ಬೇಕು, ಆದ್ದರಿಂದ ಅದು ನಮಗೆ ತೊಂದರೆಯಾಗಿ ಕಾಣುವುದಿಲ್ಲ. ಲಾಗರಿನ ಗುಣವೇ ಅದರಲ್ಲಿ ಇತರ ಯಾವ ವಾಸನೆಯೂ ಇಲ್ಲದಿರುವುದು; ಮಾಲ್ಟ್ ಮತ್ತು ಹಾಪ್ಸಿನ ರುಚಿ ಮಾತ್ರ ಸ್ವಚ್ಛವಾಗಿ ಸಿಗಬೇಕು. ಯೀಸ್ಟ್ ಅವಸರದಲ್ಲಿ ಬೆಳೆದಾಗ ಆಲ್ಕೊಹಾಲಿನ ಜೊತೆಗೆ ಉಪಉತ್ಪನ್ನಗಳನ್ನೂ ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಎಸ್ಟರುಗಳೆಂಬವು ಬಾಳೆಹಣ್ಣು ಮೊದಲಾದ ಹಣ್ಣುಗಳ ವಾಸನೆ ಕೊಡುತ್ತವೆ. ಫ್ಯೂಸೆಲ್ ಎಂಬ ಭಾರದ ಆಲ್ಕೊಹಾಲುಗಳು ಗಂಟಲಿಗೆ ಕಾರವಾಗಿ ತಗುಲುತ್ತವೆ, ಪೇಂಟಿಗೆ ಬೆರೆಸುವ ತಿನ್ನರಿನ ವಾಸನೆಯನ್ನು ನೆನಪಿಸುತ್ತವೆ. ಅಳಿಯನ ಬಕೆಟ್ಟಿನಲ್ಲಿ ಎರಡೂ ಇದ್ದವು.

ಈ ಉಪಉತ್ಪನ್ನಗಳಲ್ಲಿ ಹೆಚ್ಚಿನವು ಹುಟ್ಟುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ, ಯೀಸ್ಟ್ ಸಂಖ್ಯೆಯಲ್ಲಿ ಹೆಚ್ಚುತ್ತಿರುವ ಹೊತ್ತಿನಲ್ಲಿ. ಹುಟ್ಟಿದ ಮೇಲೆ ಅವುಗಳಲ್ಲಿ ಬಹುಪಾಲು ಹೋಗುವುದಿಲ್ಲ. ಹೀಗಾಗಿ ಮೊದಲ ವಾರ ಸೆಕೆಯಲ್ಲಿ ಇಟ್ಟು, ಮನವರಿಕೆಯಾದ ಮೇಲೆ ಫ್ರಿಜ್ಜಿಗೆ ಸಾಗಿಸುವುದರಿಂದ ಕೆಟ್ಟ ರುಚಿ ತಣ್ಣಗಾಗುತ್ತದೆಯೇ ಹೊರತು ಮಾಯವಾಗದು. ತಂಪು ಬೇಕಾದದ್ದು ಮೊದಲ ದಿನದಿಂದಲೇ.

ಪಾತ್ರೆಯೊಳಗಿನ ಒಲೆ

ಈಗ ಬಕೆಟ್ಟು ಕೋಣೆಗಿಂತ 4 ಡಿಗ್ರಿ ಬಿಸಿಯಾದದ್ದೇಕೆ ಎಂಬ ಪ್ರಶ್ನೆ. ಸಾಧಾರಣ ಗಾಢತೆಯ 20 ಲೀಟರ್ ಮಾಲ್ಟ್ ರಸದಲ್ಲಿ ಸುಮಾರು 2.5 ಕಿಲೊ ಸಕ್ಕರೆ ಮತ್ತು ಸಕ್ಕರೆಯಂಥ ಪದಾರ್ಥ ಕರಗಿರುತ್ತದೆ. ಅದರಲ್ಲಿ ಯೀಸ್ಟ್ ತಿನ್ನಬಲ್ಲದ್ದು ಹೆಚ್ಚುಕಡಿಮೆ 1.6 ಕಿಲೊ. ಒಂದು ಕಿಲೊ ಸಕ್ಕರೆ ಹುದುಗುವಾಗ ಸುಮಾರು 600 ಕಿಲೊಜೂಲ್ ಶಾಖ ಹೊರಬರುತ್ತದೆ. ಒಟ್ಟು 1,000 ಕಿಲೊಜೂಲ್ ಎಂದಿಟ್ಟುಕೊಳ್ಳೋಣ. ಈ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ 20 ಲೀಟರ್ ದ್ರವ ಸುಮಾರು 12 ಡಿಗ್ರಿಯಷ್ಟು ಬಿಸಿಯಾಗಬಹುದು. ಕಂಬಳಿಯ ಕೆಲಸವೇ ಆ ದಾರಿಯನ್ನು ಮುಚ್ಚುವುದು. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಒಳಗಿನದನ್ನು ಒಳಗೇ ಉಳಿಸುತ್ತದೆ. ಚಳಿಯಲ್ಲಿ ನಮಗೆ ಉಪಕಾರ ಮಾಡುವ ಈ ಗುಣ ಬಕೆಟ್ಟಿಗೆ ಅಪಕಾರ ಮಾಡಿತು.

ಇಲ್ಲಿ ಒಂದು ಸುಳಿಯೂ ಇದೆ. ದ್ರವ ಬಿಸಿಯಾದಂತೆ ಯೀಸ್ಟಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಗಂಟೆಗೆ ಹೊರಬರುವ ಶಾಖ ಹೆಚ್ಚುತ್ತದೆ, ಅದರಿಂದ ದ್ರವ ಇನ್ನೂ ಬಿಸಿಯಾಗುತ್ತದೆ. 28 ಡಿಗ್ರಿಯಲ್ಲಿ ಎರಡು ದಿನಗಳಲ್ಲಿ ಮುಗಿಯಬಹುದಾದ ಕೆಲಸ 12 ಡಿಗ್ರಿಯಲ್ಲಿ ಒಂದು ವಾರಕ್ಕೂ ಮಿಕ್ಕಿ ನಡೆಯುತ್ತದೆ. ಒಟ್ಟು ಶಾಖ ಅಷ್ಟೇ ಆದರೂ ಮೊದಲನೆಯದರಲ್ಲಿ ಅದು ಸರಾಸರಿ 6 ವ್ಯಾಟ್‌ಗಳ ಹತ್ತಿರ ಬರುತ್ತದೆ, ಎರಡನೆಯದರಲ್ಲಿ 2 ವ್ಯಾಟನ್ನೂ ಮುಟ್ಟುವುದಿಲ್ಲ. ಆರಂಭದಲ್ಲಿಯೇ ತಣ್ಣಗಿಟ್ಟರೆ ಮುಂದೆ ತಣಿಸಬೇಕಾದ ಭಾರವೂ ಕಡಿಮೆಯಾಗುತ್ತದೆ.

ಕೋಣೆಯಿಂದ ಒಳಬರುವ ಶಾಖ

ಯೀಸ್ಟಿನ 2 ವ್ಯಾಟ್‌ಗಿಂತ ದೊಡ್ಡ ವೈರಿ ಹೊರಗಿದೆ. ಮಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 33–34 ಡಿಗ್ರಿ ತಲುಪುತ್ತದೆ, ರಾತ್ರಿ 25–26ಕ್ಕಿಂತ ಕೆಳಗಿಳಿಯುವುದಿಲ್ಲ. ಮುರಕಲ್ಲಿನ ದಪ್ಪ ಗೋಡೆಯೂ ಹೆಂಚಿನ ಮಾಡೂ ಇರುವ ಹಳೆಯ ಮನೆಯ ಒಳಕೋಣೆ ಹಗಲು-ರಾತ್ರಿಗಳ ಏರಿಳಿತವನ್ನು ತಗ್ಗಿಸುತ್ತದೆ, ಆದರೆ ದಿನದ ಸರಾಸರಿಗಿಂತ ಬಹಳ ಕೆಳಗೆ ಇಳಿಯಲಾರದು. ಕೋಣೆ 30 ಡಿಗ್ರಿಯೆಂದೂ ದ್ರವ 12ರಲ್ಲಿ ಇರಬೇಕೆಂದೂ ಇಟ್ಟುಕೊಂಡರೆ ಅಂತರ 18 ಡಿಗ್ರಿ. ಶಾಖ ಈ ಇಳಿಜಾರಿನಲ್ಲಿ ನೀರಿನಂತೆ ಒಳಗೆ ಹರಿಯುತ್ತಲೇ ಇರುತ್ತದೆ. ಹೊದಿಕೆಯಿಲ್ಲದ ಬಕೆಟ್ಟಿಗೆ ಹೀಗೆ ಬರುವುದು ನನ್ನ ಅಂದಾಜಿನಲ್ಲಿ ಸುಮಾರು 60 ವ್ಯಾಟ್. ಹಳೆಯ ಕಾಲದ 60 ವ್ಯಾಟಿನ ಬಲ್ಬೊಂದನ್ನು ಬಿಯರಿನೊಳಗೆ ಹಗಲಿರುಳು ಉರಿಸಿದಷ್ಟು!

ಕರಾವಳಿಯಲ್ಲಿ ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟ ಮೇಜಿನ ಮೇಲೆ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಮೈಗೆ ತಗುಲಿ ಹನಿಯಾಗುವ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ಮಂಗಳೂರಿನ ಮೇ ತಿಂಗಳಿನಲ್ಲಿ ಅದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆವಿ ಹನಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 2.4 ಕಿಲೊಜೂಲ್ ಶಾಖವನ್ನು ಆ ಮೈಗೆ ಕೊಟ್ಟುಹೋಗುತ್ತದೆ. ಬೆವರುತ್ತಿರುವ ಲೋಟವನ್ನು ಕಂಡು ತಣ್ಣಗಿದೆ ಎಂದು ಸಂತೋಷಪಡುತ್ತೇವೆ, ಆದರೆ ಆ ಬೆವರೇ ಅದನ್ನು ಬಿಸಿ ಮಾಡುತ್ತಿರುತ್ತದೆ. 12 ಡಿಗ್ರಿಯ ಬರಿಯ ಬಕೆಟ್ಟನ್ನು ನಮ್ಮ ಗಾಳಿಗೆ ಒಡ್ಡಿದರೆ, ಈ ಬೆವರಿನ ಲೆಕ್ಕವೂ ಸೇರಿ 60 ವ್ಯಾಟ್ ಇಮ್ಮಡಿಯ ಹತ್ತಿರಕ್ಕೆ ಹೋಗಬಲ್ಲದು.

ಒದ್ದೆ ಬಟ್ಟೆಯ ಉಪಾಯ ಬಳ್ಳಾರಿಗೆ ಸರಿ, ಮಲ್ಪೆಗೆ ಅಲ್ಲ

ಮನೆಯಲ್ಲಿ ಬಿಯರ್ ಮಾಡುವವರಿಗೆ ಮೊದಲು ಸಿಗುವ ಸಲಹೆ ಒಂದೇ: ಬಕೆಟ್ಟನ್ನು ನೀರು ತುಂಬಿದ ಟಬ್ಬಿನಲ್ಲಿ ಇಡು, ಮೇಲೆ ಒದ್ದೆ ಬನಿಯನ್ನೋ ಟವಲ್ಲೋ ಹೊದಿಸು, ಫ್ಯಾನ್ ಹಾಕು. ಮಣ್ಣಿನ ಹೂಜಿ ನೀರನ್ನು ತಣಿಸುವ ವಿಧಾನವೇ ಇದು. ಆವಿಯಾಗುವ ಪ್ರತಿ ಗ್ರಾಂ ನೀರು ಮೇಲೆ ಹೇಳಿದ ಅದೇ 2.4 ಕಿಲೊಜೂಲನ್ನು ಈ ಸಲ ಬಟ್ಟೆಯಿಂದ ಕಿತ್ತುಕೊಂಡು ಹೋಗುತ್ತದೆ. ಕರಗುವ ಮಂಜುಗಡ್ಡೆ ಹೀರುವ ಶಾಖಕ್ಕೆ ಹೋಲಿಸಿದರೆ ಇದು ತೂಕಕ್ಕೆ ತೂಕ ಏಳು ಪಟ್ಟು. ಕಾಗದದ ಮೇಲೆ ಇದಕ್ಕಿಂತ ಅಗ್ಗದ ಶೀತಲ ಯಂತ್ರ ಬೇರೊಂದಿಲ್ಲ.

ಆದರೆ ನೀರು ಆವಿಯಾಗಲು ಗಾಳಿಯಲ್ಲಿ ಜಾಗ ಬೇಕು. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಎದುರು ಹಿಡಿದಾಗ ಅದು ಎಲ್ಲಿಗೆ ಇಳಿದು ನಿಲ್ಲುತ್ತದೆಯೋ ಅದೇ ಈ ಉಪಾಯದ ತಳ. ಎಷ್ಟು ದೊಡ್ಡ ಫ್ಯಾನ್ ತಂದರೂ ಅದರ ಕೆಳಗೆ ಇಳಿಯಲಾಗದು. ಬಳ್ಳಾರಿಯ ಒಣ ಏಪ್ರಿಲಿನಲ್ಲಿ, 38 ಡಿಗ್ರಿ ಬಿಸಿಲಿಗೆ ಗಾಳಿಯ ಆರ್ದ್ರತೆ ಶೇ 20 ಇದ್ದರೆ, ಆ ತಳ ಸುಮಾರು 21 ಡಿಗ್ರಿ. ಅಂದರೆ 17 ಡಿಗ್ರಿಯ ಲಾಭ. ಮಂಗಳೂರಿನಲ್ಲಿ 32 ಡಿಗ್ರಿಗೆ ಆರ್ದ್ರತೆ ಶೇ 70 ಇದ್ದರೆ ಅದು 27ರ ಮೇಲೆಯೇ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕೋಣೆ 28ಕ್ಕೆ ಇಳಿದರೂ ಆರ್ದ್ರತೆ ಶೇ 90ರ ಹತ್ತಿರ ಇರುವುದರಿಂದ ಒದ್ದೆ ಬಟ್ಟೆಯಿಂದ ಸಿಗುವುದು ಒಂದೋ ಎರಡೋ ಡಿಗ್ರಿ. ಆಟಿ ತಿಂಗಳಿನಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಎಂದು ಗೊಣಗುವ ಯಾರಿಗಾದರೂ ಇದರ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ; ಬಟ್ಟೆ ಒಣಗದ ಗಾಳಿಯಲ್ಲಿ ಬಕೆಟ್ಟೂ ತಣಿಯುವುದಿಲ್ಲ. ಹ್ಯೂಸ್ಟನ್ನಿನಲ್ಲಿ ಅಳಿಯ ಎರಡು ದಿನ ಟವಲ್ ಹೊದಿಸಿ ಸೋತದ್ದೂ ಇದೇ ಕಾರಣಕ್ಕೆ. ಒಣನಾಡಿನಲ್ಲಿ ಕುಳಿತು ಬರೆದವರ ಸಲಹೆಯನ್ನು ಅವನು ತೇವದ ನಾಡಿನಲ್ಲಿ ಪಾಲಿಸಿದ್ದ.

ಟಬ್ಬಿನ ನೀರಿನಿಂದ ಮಾತ್ರ ಒಂದು ಪ್ರಯೋಜನವಿದೆ. ಶಾಖವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚುರುಕು, ಮತ್ತು 40 ಲೀಟರ್ ನೀರು ಸುತ್ತ ಇದ್ದರೆ ತಣಿಸಬೇಕಾದ ಒಟ್ಟು ರಾಶಿ ಮೂರು ಪಟ್ಟಾಗುವುದರಿಂದ ಉಷ್ಣತೆ ಥಟ್ಟನೆ ಏರಿಳಿಯುವುದಿಲ್ಲ. ಅದು ತಂಪನ್ನು ಕೊಡದು, ಸ್ಥಿರತೆಯನ್ನು ಕೊಡುತ್ತದೆ.

ಮೀನಿನ ಪೆಟ್ಟಿಗೆಯಿಂದ ಕಲಿಯುವ ಪಾಠ

ಬೇಸಗೆಯಲ್ಲಿ ವಸ್ತುವನ್ನು ತಣ್ಣಗಿಡುವ ವಿದ್ಯೆಯನ್ನು ನಮ್ಮ ದಕ್ಕೆಯಲ್ಲಿ ದಿನವೂ ನೋಡಬಹುದು. ಮಲ್ಪೆಯಿಂದ ಹೊರಡುವ ದೋಣಿಗಳು ಐಸ್ ಪ್ಲಾಂಟಿನಿಂದ ಮಂಜುಗಡ್ಡೆ ತುಂಬಿಸಿಕೊಂಡೇ ಕಡಲಿಗೆ ಇಳಿಯುತ್ತವೆ. ಬಂದ ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸಿನ ನಡುವೆ ಊರೂರಿಗೆ ಹೋಗುತ್ತದೆ. ಮಂಜುಗಡ್ಡೆಯ ಬಲವಿರುವುದು ಅದು ಕರಗುವ ಹಂತದಲ್ಲಿ. 0 ಡಿಗ್ರಿಯ ಒಂದು ಕಿಲೊ ಮಂಜುಗಡ್ಡೆ 0 ಡಿಗ್ರಿಯ ನೀರಾಗುವಷ್ಟರಲ್ಲಿಯೇ 334 ಕಿಲೊಜೂಲ್ ಶಾಖವನ್ನು ಹೀರುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಫ್ರೀಜರಿನ ಉಷ್ಣತೆಯಿಂದ 12 ಡಿಗ್ರಿಯವರೆಗಿನ ಇಡೀ ಪಯಣವನ್ನು ಸೇರಿಸಿದರೆ ಕಿಲೊಗೆ ಸುಮಾರು 420.

ಬರಿಯ ಬಕೆಟ್ಟಿಗೆ ದಿನಕ್ಕೆ ಬರುವ ಶಾಖವನ್ನು, ಬೆವರಿನ ಪಾಲನ್ನು ಬಿಟ್ಟರೂ, ಈ ಲೆಕ್ಕದಲ್ಲಿ ಇಳಿಸಲು 12 ಕಿಲೊ ಮಂಜುಗಡ್ಡೆ ಬೇಕು. ಅದೇ ಬಕೆಟ್ಟನ್ನು 5 ಸೆಂಟಿಮೀಟರ್ ದಪ್ಪದ ಥರ್ಮಾಕೋಲಿನ, ಬಿರುಕಿಲ್ಲದ, ಮುಚ್ಚಳ ಬಿಗಿಯಾದ ಪೆಟ್ಟಿಗೆಯೊಳಗೆ ಇಟ್ಟರೆ ಒಳಬರುವ ಶಾಖ 60ರಿಂದ 20 ವ್ಯಾಟ್‌ಗಳ ಕೆಳಗೆ ಇಳಿಯುತ್ತದೆ, ಬೆವರುವುದೂ ಬಹುತೇಕ ನಿಲ್ಲುತ್ತದೆ, ಮಂಜುಗಡ್ಡೆಯ ಅಗತ್ಯ ಯೀಸ್ಟಿನ ಶಾಖವನ್ನೂ ಸೇರಿಸಿ ದಿನಕ್ಕೆ 4–5 ಕಿಲೊಗೆ ಬರುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ಅಗತ್ಯ ಮತ್ತೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಕಂಬಳಿಯಿಂದ ಕೆಟ್ಟ ಕೆಲಸ ಥರ್ಮಾಕೋಲಿನಿಂದ ಸರಿಯಾಗುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಎರಡೂ ಶಾಖವನ್ನು ತಡೆಯುತ್ತವೆ. ಒಳಗೆ ಮಂಜುಗಡ್ಡೆ ಇಲ್ಲದಿದ್ದರೆ ಥರ್ಮಾಕೋಲ್ ಪೆಟ್ಟಿಗೆಯೂ ಕಂಬಳಿಯ ಕೆಲಸವನ್ನೇ ಮಾಡುತ್ತದೆ.

ಎರಡು ಲೀಟರಿನ ತಂಪು ಪಾನೀಯದ ಬಾಟಲಿಗಳಲ್ಲಿ ನೀರು ತುಂಬಿ ಗಡ್ಡೆಗಟ್ಟಿಸಿ, ಬೆಳಿಗ್ಗೆ ಒಂದು ಸಂಜೆ ಒಂದರಂತೆ ಬದಲಾಯಿಸುವುದು ವಾಡಿಕೆ. ನೀರು ಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗುವುದರಿಂದ ಬಾಟಲಿಯನ್ನು ಕಂಠದವರೆಗೆ ತುಂಬಬಾರದು. ಸೋಲುವುದು ಸಾಮಾನ್ಯವಾಗಿ ಇನ್ನೊಂದು ತುದಿಯಲ್ಲಿ: ಮನೆಯ ಫ್ರಿಜ್ಜಿನ ಚಿಕ್ಕ ಫ್ರೀಜರ್ ದಿನವೂ 4 ಕಿಲೊ ಹೊಸ ಮಂಜುಗಡ್ಡೆ ಮಾಡಲು ಏದುಸಿರು ಬಿಡುತ್ತದೆ, ಮೀನಿಗೂ ಮಾಂಸಕ್ಕೂ ಅದರಲ್ಲಿ ಜಾಗವಿರುವುದಿಲ್ಲ, ಮತ್ತು ಎರಡು ವಾರ ಒಂದು ಹೊತ್ತೂ ತಪ್ಪದೆ ಬಾಟಲಿ ಬದಲಾಯಿಸುವ ಶಿಸ್ತು ಮೂರನೆಯ ದಿನಕ್ಕೆ ಸಡಿಲವಾಗುತ್ತದೆ. ಏಲ್ ಬಿಯರಿಗೆ ಬೇಕಾದ 20 ಡಿಗ್ರಿಗೆ ಈ ಪೆಟ್ಟಿಗೆ ಧಾರಾಳವಾಗಿ ಸಾಕು. ಲಾಗರಿಗೆ ಇದು ಕಷ್ಟಪಟ್ಟು ನಡೆಯುವ ದಾರಿ.

ಹಳೆಯ ಫ್ರಿಜ್ಜು ಮತ್ತು ಹೊರಗಿನ ಕಾವಲುಗಾರ

ಕೊನೆಗೆ ಹೆಚ್ಚಿನವರು ಬಂದು ನಿಲ್ಲುವುದು ಹಳೆಯ, ಒಂಟಿ ಬಾಗಿಲಿನ ಫ್ರಿಜ್ಜಿನ ಮುಂದೆ. ಅದರಲ್ಲಿಯೂ ಒಂದು ತೊಡಕಿದೆ: ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ ಹಾಲು ತರಕಾರಿಗಳಿಗೆಂದು ಮಾಡಿದ್ದು, ಅದರ ವ್ಯಾಪ್ತಿ ಸಾಮಾನ್ಯವಾಗಿ 2ರಿಂದ 8 ಡಿಗ್ರಿ. 12 ಡಿಗ್ರಿಯಲ್ಲಿ ನಿಲ್ಲು ಎಂದರೆ ಅದಕ್ಕೆ ತಿಳಿಯದು. 5 ಡಿಗ್ರಿಯಲ್ಲಿ ಲಾಗರ್ ಯೀಸ್ಟ್ ಕೂಡ ಮಲಗಿಬಿಡುತ್ತದೆ. ಇದಕ್ಕೆ ಪರಿಹಾರ ಗೋಡೆಯ ಪ್ಲಗ್ಗಿಗೂ ಫ್ರಿಜ್ಜಿಗೂ ನಡುವೆ ಕೂರಿಸುವ ಡಿಜಿಟಲ್ ಥರ್ಮೋಸ್ಟಾಟ್. ತಂತಿಯ ತುದಿಯ ಸೆನ್ಸರ್ ಉಷ್ಣತೆಯನ್ನು ಅಳೆಯುತ್ತದೆ. ನಿಗದಿ ಮಾಡಿದ ಅಂಕಿಗಿಂತ ಮೇಲೇರಿದಾಗ ಫ್ರಿಜ್ಜಿಗೆ ಕರೆಂಟು ಕೊಡುತ್ತದೆ, ಇಳಿದಾಗ ಕಡಿಯುತ್ತದೆ. ಬಾವಿಯ ಪಂಪನ್ನು ಟ್ಯಾಂಕಿನ ಮಟ್ಟ ನೋಡಿ ತಾನೇ ನಿಲ್ಲಿಸುವ ಸ್ವಿಚ್ಚಿನದೇ ತತ್ತ್ವ.

ಇದರಲ್ಲಿ ನಿಗದಿಪಡಿಸಬೇಕಾದದ್ದು ಮೂರು. ಮೊದಲನೆಯದು ಬೇಕಾದ ಉಷ್ಣತೆ. ಎರಡನೆಯದು ಸಡಿಲು, ಅಂದರೆ ಎಷ್ಟು ಡಿಗ್ರಿ ದಾಟಿದ ಮೇಲೆ ಫ್ರಿಜ್ಜು ಮತ್ತೆ ಚಾಲೂ ಆಗಬೇಕೆಂಬುದು. ಅರ್ಧ ಡಿಗ್ರಿಯಿಂದ ಒಂದು ಡಿಗ್ರಿ ಸಾಕು. ಮೂರನೆಯದು ವಿರಾಮ: ನಿಂತ ಕಂಪ್ರೆಸರನ್ನು ತಕ್ಷಣ ಮತ್ತೆ ಚಾಲೂ ಮಾಡಿದರೆ ಒಳಗಿನ ಅನಿಲದ ಒತ್ತಡ ಇನ್ನೂ ಸಮವಾಗಿರದ ಕಾರಣ ಮೋಟರಿಗೆ ಪೆಟ್ಟಾಗುತ್ತದೆ, ಆದ್ದರಿಂದ ನಡುವೆ ಐದು ನಿಮಿಷವಾದರೂ ಬಿಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಸೆನ್ಸರನ್ನು ಎಲ್ಲಿ ಇಡುವುದು ಎಂಬುದರಲ್ಲಿ ಜನ ಎಡವುತ್ತಾರೆ. ಫ್ರಿಜ್ಜಿನೊಳಗೆ ತೂಗುಬಿಟ್ಟರೆ ಅದು ಗಾಳಿಯನ್ನು ಅಳೆಯುತ್ತದೆ. ಬಾಗಿಲು ತೆರೆದ ಕೂಡಲೇ ಗಾಳಿ ಬಿಸಿಯಾಗಿ ಕಂಪ್ರೆಸರ್ ಓಡುತ್ತದೆ, ಮುಚ್ಚಿದ ಕೂಡಲೇ ನಿಲ್ಲುತ್ತದೆ, ಈ ನಡುವೆ ಬಕೆಟ್ಟಿನೊಳಗಿನ 20 ಲೀಟರ್ ಯೀಸ್ಟಿನ ಶಾಖದಿಂದ ಗಾಳಿಗಿಂತ ಎರಡು ಮೂರು ಡಿಗ್ರಿ ಮೇಲೆ ಇದ್ದುಬಿಡುತ್ತದೆ. ಅಳಿಯನ ಗೋಡೆಯ ಥರ್ಮಾಮೀಟರಿನ ತಪ್ಪೇ ಇಲ್ಲಿ ಚಿಕ್ಕದಾಗಿ ಮರುಕಳಿಸುತ್ತದೆ. ಸೆನ್ಸರನ್ನು ಬಕೆಟ್ಟಿನ ಮೈಗೆ, ದ್ರವದ ಮಟ್ಟದ ನಡುಭಾಗದಲ್ಲಿ ಟೇಪಿನಿಂದ ಅಂಟಿಸಿ, ಅದರ ಮೇಲೆ ಸ್ಪಂಜಿನ ದಪ್ಪ ತುಂಡೊಂದನ್ನು ಒತ್ತಿ ಕಟ್ಟಿದರೆ ಅದು ಗಾಳಿಯನ್ನು ಮರೆತು ದ್ರವದ ಉಷ್ಣತೆಯನ್ನು ಹೇಳುತ್ತದೆ. ಹುದುಗುತ್ತಿರುವ ದ್ರವ ಗುಳ್ಳೆಗಳಿಂದ ತಾನಾಗಿಯೇ ಕಲಕುತ್ತಿರುವುದರಿಂದ ಮೈಯ ಉಷ್ಣತೆಗೂ ನಡುವಿನ ಉಷ್ಣತೆಗೂ ಹೆಚ್ಚು ಅಂತರ ಇರುವುದಿಲ್ಲ.

ಕರಾವಳಿಯ ಫ್ರಿಜ್ಜಿಗೆ ಇನ್ನೆರಡು ಕಾಟಗಳಿವೆ. 12 ಡಿಗ್ರಿಯಲ್ಲಿ ಕಂಪ್ರೆಸರ್ ಅಪರೂಪಕ್ಕೆ ಓಡುವುದರಿಂದ ಒಳಗಿನ ತೇವ ಒಣಗದೆ, ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟು ರಬ್ಬರ್ ಪಟ್ಟಿಗೂ ಹಿಡಿಯುತ್ತದೆ, ಒರೆಸುತ್ತಿರಬೇಕು. ಎರಡನೆಯದು, ಗಾಳಿಮಳೆಗೆ ಮರ ಬಿದ್ದು ಹೋಗುವ ಕರೆಂಟು. ಮುಚ್ಚಿದ ಫ್ರಿಜ್ಜಿನಲ್ಲಿ 20 ಲೀಟರ್ ದ್ರವ ಗಂಟೆಗೆ ಅರ್ಧದಿಂದ ಒಂದು ಡಿಗ್ರಿಯಷ್ಟು ಏರಬಹುದು, ಆದ್ದರಿಂದ ಎರಡು ಗಂಟೆಯ ಕಡಿತಕ್ಕೆ ಹೆದರಬೇಕಾಗಿಲ್ಲ. ರಾತ್ರಿಯಿಡೀ ಹೋದರೆ ಮಂಜುಗಡ್ಡೆಯ ಬಾಟಲಿಗಳೇ ಮತ್ತೆ ಗತಿ.

ನಗರದ ಪರವಾನಗಿ ಪಡೆದ ಬ್ರೂಪಬ್ಬುಗಳಲ್ಲಿ ಗಾಜಿನಾಚೆ ಹೊಳೆಯುವ ಸ್ಟೀಲ್ ಟ್ಯಾಂಕುಗಳು ಕೋಣೆಯನ್ನು ನಂಬಿಕೊಂಡಿಲ್ಲ. ಅವುಗಳಿಗೆ ಎರಡು ಪದರದ ಗೋಡೆ. ನಡುವೆ 0 ಡಿಗ್ರಿಗಿಂತ ತಣ್ಣಗಿದ್ದರೂ ಗಡ್ಡೆಗಟ್ಟದ ಗ್ಲೈಕಾಲ್ ಮಿಶ್ರಿತ ನೀರು ಸುತ್ತುತ್ತಿರುತ್ತದೆ.

ಯೀಸ್ಟ್ ಹಾಕುವ ಮೊದಲು

ಕುದಿಸಿದ ಮಾಲ್ಟ್ ರಸವನ್ನು ತಾಮ್ರದ ಸುರುಳಿ ಕೊಳವೆಯಲ್ಲಿ ನಲ್ಲಿಯ ನೀರು ಹರಿಸಿ ತಣಿಸುವುದು ರೂಢಿ. ರಸ ನೀರಿಗಿಂತ ತಣ್ಣಗಾಗಲಾರದು. ನಮ್ಮಲ್ಲಿ ಬಾವಿಯ ನೀರು ವರ್ಷವಿಡೀ 27 ಡಿಗ್ರಿಯ ಆಸುಪಾಸು, ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈಸುಡುವಷ್ಟು ಬಿಸಿ. ಹಾಗಾಗಿ ರಸ 30ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಯೇ ಯೀಸ್ಟ್ ಹಾಕಿ ನಂತರ ಫ್ರಿಜ್ಜಿಗೆ ಇಡುವ ಆತುರ ದುಬಾರಿಯಾಗುತ್ತದೆ; ಫ್ರಿಜ್ಜು 20 ಲೀಟರನ್ನು 12ಕ್ಕೆ ಇಳಿಸಲು ಅರ್ಧ ದಿನಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ, ಯೀಸ್ಟ್ ಅಷ್ಟರಲ್ಲಿ ಬೆಚ್ಚಗಿನ ಬೆಳವಣಿಗೆಯನ್ನು ಆರಂಭಿಸಿರುತ್ತದೆ. ಸ್ವಚ್ಛವಾಗಿ ಮುಚ್ಚಿದ ಬಕೆಟ್ಟನ್ನು ಯೀಸ್ಟ್ ಇಲ್ಲದೆ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟು, 10 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕಿ, 12ಕ್ಕೆ ಏರಗೊಡುವುದು ಸರಿಯಾದ ಕ್ರಮ. ಚಳಿಯಲ್ಲಿ ಯೀಸ್ಟ್ ನಿಧಾನವಾಗಿ ಹೆಚ್ಚುವುದರಿಂದ ಏಲ್‌ಗೆ ಹಾಕುವುದರ ಸುಮಾರು ಎರಡರಷ್ಟು ಯೀಸ್ಟ್ ಬೇಕಾಗುತ್ತದೆ.

ತಂಪಿನಲ್ಲಿಯೂ ಒಮ್ಮೆ ಬೆಚ್ಚಗೆ

ಇಷ್ಟು ಕಷ್ಟಪಟ್ಟು ತಣಿಸಿದ್ದನ್ನು ಒಂದು ಘಟ್ಟದಲ್ಲಿ ಬೇಕೆಂದೇ ಬೆಚ್ಚಗೆ ಮಾಡಬೇಕು ಎಂದರೆ ವಿಚಿತ್ರವಾಗಿ ಕಾಣಬಹುದು. ಯೀಸ್ಟ್ ಬೆಳೆಯುವಾಗ ಹೊರಸೂಸುವ ಒಂದು ಪದಾರ್ಥ ದ್ರವದಲ್ಲಿ ನಿಧಾನವಾಗಿ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಅದಕ್ಕೆ ಬೆಣ್ಣೆಯ ವಾಸನೆ. ಅದೇ ಯೀಸ್ಟ್ ಮುಂದೆ ಅದನ್ನು ಮರಳಿ ಹೀರಿಕೊಳ್ಳುತ್ತದೆ, ಆದರೆ 12 ಡಿಗ್ರಿಯಲ್ಲಿ ಈ ಎರಡೂ ಕೆಲಸಗಳು ಆಮೆಯ ನಡಿಗೆಯವು. ಸಕ್ಕರೆ ಮುಕ್ಕಾಲು ಪಾಲು ಮುಗಿದ ಮೇಲೆ ಥರ್ಮೋಸ್ಟಾಟನ್ನು 16–18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಟ್ಟರೆ ಬೆಣ್ಣೆಯ ವಾಸನೆ ಹೋಗುತ್ತದೆ. ಬೆಳವಣಿಗೆಯ ಘಟ್ಟ ಆಗಲೇ ದಾಟಿರುವುದರಿಂದ ಬಾಳೆಹಣ್ಣಿನ ವಾಸನೆ ಹೊಸದಾಗಿ ಹುಟ್ಟುವ ಭಯ ಕಡಿಮೆ.

ಅನಂತರ ಲಾಗರಿಗೆ ಹೆಸರು ತಂದುಕೊಟ್ಟ ದಾಸ್ತಾನು: 0ರಿಂದ 4 ಡಿಗ್ರಿಯಲ್ಲಿ ನಾಲ್ಕು ವಾರ ಅಥವಾ ಹೆಚ್ಚು. ಈ ಹಂತಕ್ಕೆ ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟೇ ಸಾಕು. ದ್ರವವನ್ನು ಹೀಗೆ ತಣಿಸುವಾಗ ಬಕೆಟ್ಟಿನೊಳಗಿನ ಅನಿಲ ಕುಗ್ಗಿ, ಗಾಳಿ ಒಳಬರದಂತೆ ಮುಚ್ಚಳಕ್ಕೆ ಸಿಕ್ಕಿಸಿದ ನೀರಿನ ತಡೆಯಿಂದ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಮೊದಲೇ ತೆಗೆದು ಮುಚ್ಚಳವನ್ನು ಭದ್ರಪಡಿಸಬೇಕು. ಆದರೆ ಹುದುಗುವಿಕೆ ನಡೆಯುತ್ತಿರುವಾಗ ಮುಚ್ಚಳವನ್ನು ಎಂದೂ ಬಿಗಿಯಾಗಿ ಮುಚ್ಚುವಂತಿಲ್ಲ. 20 ಲೀಟರ್ ಬಿಯರಿನಿಂದ ಹೊರಬರುವ ಅನಿಲ 400 ಲೀಟರಿನ ಹತ್ತಿರ; ದಾರಿ ಸಿಗದಿದ್ದರೆ ಅದು ಪಾತ್ರೆಯನ್ನೇ ಒಡೆಯುತ್ತದೆ.

ಫ್ರಿಜ್ಜಿಗೆ ಜಾಗವಿಲ್ಲದಿದ್ದರೆ

ಕೋಣೆಯನ್ನು ಬದಲಾಯಿಸಲಾಗದವರು ಯೀಸ್ಟನ್ನು ಬದಲಾಯಿಸಬಹುದು. ಲಾಗರ್ ಯೀಸ್ಟುಗಳಲ್ಲಿಯೇ 18 ಡಿಗ್ರಿಯವರೆಗೆ ಸಭ್ಯವಾಗಿ ವರ್ತಿಸುವ ತಳಿಗಳಿವೆ. ಅವುಗಳಿಗೆ ಥರ್ಮಾಕೋಲ್ ಪೆಟ್ಟಿಗೆಯೂ ದಿನಕ್ಕೊಂದೆರಡು ಬಾಟಲಿ ಮಂಜುಗಡ್ಡೆಯೂ ಸಾಲಬಹುದು, ಏಕೆಂದರೆ 30ರಿಂದ 18ಕ್ಕೆ ಇಳಿಜಾರು 12 ಡಿಗ್ರಿ ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜುಗಡ್ಡೆ ಸಿಗದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲಾಗರ್ ಯೀಸ್ಟನ್ನು ಅಲ್ಲಿನ ತಂಪು ಹವೆಯಲ್ಲಿಯೇ ಹುದುಗಿಸಿ ಸ್ಟೀಮ್ ಬಿಯರ್ ಎಂಬ ಬೇರೆಯೇ ಬಗೆಯನ್ನು ರೂಢಿಸಿಕೊಂಡರು. ಇನ್ನೊಂದು ತುದಿಯಲ್ಲಿ ನಾರ್ವೆಯ ಹಳ್ಳಿಮನೆಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟಿದೆ. ಅಷ್ಟು ಚಳಿಯ ದೇಶದ್ದಾದರೂ ಅದಕ್ಕೆ ಹಿತವಾದದ್ದು 30ರಿಂದ 40 ಡಿಗ್ರಿ, ಅಂದರೆ ನಮ್ಮ ಮೇ ತಿಂಗಳ ಅಡುಗೆಮನೆ. ಅದರಿಂದ ಬರುವುದು ಜಾತಿಯಲ್ಲಿ ಲಾಗರ್ ಅಲ್ಲ, ಆದರೆ ಅದರ ಕೆಲವು ತಳಿಗಳು ಲಾಗರಿಗೆ ಹತ್ತಿರವಾಗುವಷ್ಟು ಸ್ವಚ್ಛ ರುಚಿ ಕೊಡುತ್ತವೆ.

ಅಳಿಯ ಹಳೆಯ ಫ್ರಿಜ್ಜೊಂದನ್ನು ಕೊಂಡುಕೊಂಡ. ಕಳೆದ ವಾರ ಮತ್ತೆ ಚಿತ್ರ ಕಳುಹಿಸಿದ್ದಾನೆ: ಬಕೆಟ್ಟಿನ ಮೈಯ ಸೆನ್ಸರ್ 12.3 ತೋರಿಸುತ್ತಿದೆ, ಗ್ಯಾರೇಜಿನ ಗೋಡೆಯದು 33.